ಕೆಲಸ ಕೊಟ್ಟು ದೂರ ನಿಂತೆ: ಎನ್‌ಸಿಸಿ ಮಕ್ಕಳನ್ನು ಎಸ್‌ಎಸ್‌ಬಿಗೆ ಸಿದ್ಧ ಮಾಡಿದ ಅನುಭವ

ನಮ್ಮ ಕಾಲೇಜಿನಿಂದ ಮೊದಲ ಸಲ ನಾಲ್ಕು ಹುಡುಗರು, ಸೇನೆಗೆ ಅಧಿಕಾರಿಗಳನ್ನು ಐದು ದಿನ ಪರೀಕ್ಷಿಸಿ ಆರಿಸುವ ಎಸ್‌ಎಸ್‌ಬಿಗೆ ಅಂತ ಬೆಂಗಳೂರಿಗೆ ಹೋದರು. ಐದು ದಿನಕ್ಕಾಗುವಷ್ಟು ಬಟ್ಟೆ ಇಸ್ತ್ರಿ ಮಾಡಿಸಿಕೊಂಡು, ಶೂಗೆ ಪಾಲಿಶ್ ಹಾಕಿಕೊಂಡು ಹೋದ ಮಕ್ಕಳು ಮೊದಲ ದಿನವೇ ವಾಪಸ್ ಹೊರಟರು. ರಾತ್ರಿ ಬಸ್‌ಸ್ಟ್ಯಾಂಡಿನಿಂದ ಒಬ್ಬ ಫೋನ್ ಮಾಡಿದ. "ಸರ್, ನೀವು ಹೇಳಿಕೊಟ್ಟ ಕಥೆನೇ ಬರೆದೆ ಸರ್. ಚಿತ್ರದಲ್ಲಿ ಏನಿತ್ತು ಅಂತ ಈಗ ನೆನಪೇ ಆಗ್ತಿಲ್ಲ" ಅಂದ.

ಆ ಮಾತು ನನಗೆ ಚುಚ್ಚಿತು. ತಪ್ಪು ಅವನದಲ್ಲ, ನನ್ನದು.

ನಾನು ಕಾಮರ್ಸ್ ಮೇಷ್ಟ್ರು. ಕಾಮ್ಟಿಯ ಎನ್‌ಸಿಸಿ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಬಂದು ನಮ್ಮ ಕಾಲೇಜಿನ ಎನ್‌ಸಿಸಿ ಅಧಿಕಾರಿಯಾದವನು. ಡ್ರಿಲ್, ಮ್ಯಾಪ್ ರೀಡಿಂಗ್, ಕ್ಯಾಂಪು ಇವೆಲ್ಲ ಗೊತ್ತಿತ್ತು. ಆದರೆ ಎಸ್‌ಎಸ್‌ಬಿ ಮುಂದೆ ನಾನು ಯಾವತ್ತೂ ಕೂತವನಲ್ಲ. ಹಾಗಾಗಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಎಲ್ಲಿಂದಲೋ ನೋಟ್ಸ್ ತರಿಸಿದೆ, ಜೆರಾಕ್ಸ್ ಮಾಡಿಸಿ ಹಂಚಿದೆ. ಮೊದಲ ದಿನವೇ ಜರಡಿ ಹಿಡಿಯುವ ಸ್ಕ್ರೀನಿಂಗ್‌ನಲ್ಲಿ ಒಂದು ಮಸುಕಾದ ಚಿತ್ರವನ್ನು 30 ಸೆಕೆಂಡ್ ತೋರಿಸಿ, 4 ನಿಮಿಷದಲ್ಲಿ ಕಥೆ ಬರೆಸುತ್ತಾರೆ. ಅದಕ್ಕೂ ನನ್ನ ಹತ್ತಿರ ರೆಡಿಮೇಡ್ ಕಥೆ ಇತ್ತು. ಊರಿಗೊಂದು ಕಷ್ಟ ಬರುತ್ತದೆ, ಒಬ್ಬ ಯುವಕ ಎಲ್ಲರನ್ನೂ ಸೇರಿಸುತ್ತಾನೆ, ಕಷ್ಟ ಬಗೆಹರಿಯುತ್ತದೆ. ನಾಲ್ಕೂ ಜನ ಅದೇ ಯುವಕನನ್ನು ಬರೆದು ಬಂದಿದ್ದರು.

ಆಮೇಲೆ ಎಸ್‌ಎಸ್‌ಬಿ ಹೇಗೆ ನಡೆಯುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳಲು ಕೂತೆ. ಸ್ಕ್ರೀನಿಂಗ್ ದಾಟಿದವರನ್ನು ಮೂರು ಜನ ಬೇರೆಬೇರೆಯಾಗಿ ನೋಡುತ್ತಾರೆ. ಮನಶ್ಶಾಸ್ತ್ರಜ್ಞರು ಅಭ್ಯರ್ಥಿಯ ಬರಹ ಮಾತ್ರ ಓದುತ್ತಾರೆ. ಜಿಟಿಒ, ಅಂದರೆ ಗುಂಪು ಪರೀಕ್ಷೆಯ ಅಧಿಕಾರಿ, ಮೈದಾನದಲ್ಲಿ ಗುಂಪಿನ ಜೊತೆ ಹೇಗಿರುತ್ತಾನೆ ಅಂತ ನೋಡುತ್ತಾರೆ. ಸಂದರ್ಶನ ಅಧಿಕಾರಿ ಎದುರು ಕೂರಿಸಿಕೊಂಡು ಮಾತಾಡಿಸುತ್ತಾರೆ. ಮೂವರೂ ಹುಡುಕುವುದು ಅಧಿಕಾರಿಗೆ ಬೇಕಾದ ಅದೇ 15 ಗುಣಗಳನ್ನು. ಕೊನೆಯ ದಿನ ಕಾನ್ಫರೆನ್ಸ್‌ನಲ್ಲಿ ಮೂವರ ಲೆಕ್ಕ ತಾಳೆಯಾಗಬೇಕು. ಬರಹದ ಪರೀಕ್ಷೆಯಲ್ಲಿ 15 ಸೆಕೆಂಡಿಗೆ ಒಂದರಂತೆ 60 ಪದ ತೋರಿಸಿ ವಾಕ್ಯ ಬರೆಸುತ್ತಾರೆ. 30 ನಿಮಿಷದಲ್ಲಿ 60 ಸಂದರ್ಭಗಳಿಗೆ 'ನೀನಾದರೆ ಏನು ಮಾಡುತ್ತೀಯ' ಅಂತ ಉತ್ತರ ಬರೆಸುತ್ತಾರೆ. ಅಷ್ಟು ಅವಸರದಲ್ಲಿ ಬಾಯಿಪಾಠ ನೆನಪಾಗುವುದಿಲ್ಲ. ಒಳಗೆ ಏನಿದೆಯೋ ಅದೇ ಹೊರಗೆ ಬರುತ್ತದೆ.

ಹಾಗಾದರೆ ಒಳಗೆ ಏನಾದರೂ ಇರಬೇಕಲ್ವಾ? ಇಪ್ಪತ್ತು ವರ್ಷದ ಮಗು ತಾನಾಗಿ ಒಂದು ನಿರ್ಧಾರ ತೆಗೆದುಕೊಂಡಿದ್ದೇ ಇಲ್ಲ ಅಂದರೆ ಕಾಗದದ ಮೇಲೆ ಏನು ಬರೆದೀತು? ನಮ್ಮ ಮನೆಗಳಲ್ಲಿ ಅಪ್ಪ ಹೇಳಿದ್ದು, ಕಾಲೇಜಿನಲ್ಲಿ ನಾವು ಹೇಳಿದ್ದು. ಎನ್‌ಸಿಸಿಯಲ್ಲೂ ಅಷ್ಟೇ. ಕಾರ್ಯಕ್ರಮದ ಎಲ್ಲ ತಯಾರಿ ನಾನೇ ಮಾಡಿ, ಕೊನೆಗೆ ಕುರ್ಚಿ ಜೋಡಿಸಲು ಕೆಡೆಟ್‌ಗಳನ್ನು ಕರೆಯುತ್ತಿದ್ದೆ. ಅದನ್ನು ಬದಲಾಯಿಸಲೇಬೇಕು ಅಂತ ತೀರ್ಮಾನಿಸಿದೆ.

ಮೊದಲು ಕೊಡಚಾದ್ರಿ ಚಾರಣವನ್ನು ಪೂರ್ತಿ ಅವರ ಕೈಗೆ ಬಿಟ್ಟೆ. 42 ಜನ, ತಲಾ 400 ರೂಪಾಯಿ. ಜವಾಬ್ದಾರಿ ಕೊಟ್ಟಿದ್ದು ಎರಡನೇ ವರ್ಷದ ಒಬ್ಬ ಹುಡುಗಿಗೆ. ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಬಿಟ್ಟರೆ ಅವಳ ಧ್ವನಿ ಕೇಳಿದವರೇ ಕಡಿಮೆ. ಬೇರೆ ಮೇಷ್ಟ್ರುಗಳು "ಯಾಕ್ ಸರ್ ರಿಸ್ಕು" ಅಂದರು. ನನಗೂ ಒಳಗೊಳಗೆ ಭಯ ಇತ್ತು. ಸುಮ್ನೆ ಜೊತೆಗೆ ಬರುತ್ತೇನೆ, ಏನನ್ನೂ ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಅವಳು ಒಂದು 100 ಪುಟದ ನೋಟ್‌ಬುಕ್ ಇಟ್ಟಿದ್ದಳು. ಯಾರಿಗೆ ವೀಸಿಂಗ್ ಇದೆ, ಯಾರು ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತಾರೆ, ಯಾರ ಮನೆಯ ಫೋನ್ ನಂಬರ್ ಯಾವುದು, ಎಲ್ಲ ಅದರಲ್ಲಿತ್ತು. ಖರ್ಚಿನ ಪುಟದ ಕೊನೆಯ ಸಾಲು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ: 'ಗೊತ್ತಿಲ್ಲದ ಖರ್ಚು – 1,200.'

ಬೆಟ್ಟದ ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಒಬ್ಬ ಹುಡುಗನ ಕಾಲು ಉಳುಕಿ ಪಾದ ಊದಿಕೊಂಡಿತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಅವಳ ಮುಖ ನೋಡಿದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ನನಗಂತೂ ಗಂಟಲವರೆಗೆ ಮಾತು ಬಂದಿತ್ತು. ಆಮೇಲೆ ಅವಳೇ, ಪ್ರಥಮ ಚಿಕಿತ್ಸೆ ಗೊತ್ತಿದ್ದ ಇಬ್ಬರ ಜೊತೆ ಅವನನ್ನು ಜೀಪಿನ ದಾರಿಗೆ ಕಳಿಸಿದಳು. "ಜೀಪಿಗೆ ದುಡ್ಡು ಇದೆ, ಚೌಕಾಸಿ ಮಾಡಬೇಡಿ" ಅಂದಳು. ಸುಸ್ತಾಗಿದ್ದ ಆರು ಜನರನ್ನೂ ಅವರ ಜೊತೆಗೇ ಇಳಿಸಿದಳು. ಅದರಲ್ಲಿ ಒಬ್ಬ ಜಗಳಕ್ಕೇ ಬಂದ. "ನಿನಗೆ ಬೈಯೋಕೆ ಆಮೇಲೆ ಟೈಮ್ ಕೊಡ್ತೀನಿ, ಈಗ ಇಳಿ" ಅಂದಳು. ಅವನು ಇಳಿದ.

ಮುಂದೆ ಅವಳು ಸಂದರ್ಶನಕ್ಕೆ ಹೋದಾಗ ಅಧಿಕಾರಿ ಈ ಚಾರಣದ ಬಗ್ಗೆ ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದರಂತೆ. ಎಷ್ಟು ಜನ, ಎಷ್ಟು ದುಡ್ಡು, ಏನು ತಪ್ಪಾಯಿತು, ಯಾರು ಮಾತು ಕೇಳಲಿಲ್ಲ, ಆಗ ಏನು ಮಾಡಿದೆ, ಇನ್ನೊಂದು ಸಲ ಆದರೆ ಏನು ಬದಲಾಯಿಸುತ್ತೀಯ. ಪ್ರಶ್ನೆಗಳನ್ನು ಹೀಗೆ ಸರಪಳಿಯ ಹಾಗೆ ಕೇಳುವುದು ಅಲ್ಲಿನ ಪದ್ಧತಿ. ಸುಳ್ಳು ಹೇಳಿದ್ದರೆ ಮೂರನೇ ಪ್ರಶ್ನೆಗೆ ತಡವರಿಸಬೇಕಾಗುತ್ತದೆ. ಅವಳು ತಡವರಿಸಲಿಲ್ಲ. ಯಾಕೆಂದರೆ ನೆನಪಿಸಿಕೊಂಡರೆ ಸಾಕಿತ್ತು, ಕಟ್ಟುವುದು ಏನೂ ಇರಲಿಲ್ಲ.

ಆಮೇಲೆ ರಕ್ತದಾನ ಶಿಬಿರ, ಕಾಲೇಜಿನ ಕ್ರೀಡಾಕೂಟದ ಊಟ, ಸ್ಟೋರ್‌ನ ಸಮವಸ್ತ್ರದ ಲೆಕ್ಕ, ಎಲ್ಲವನ್ನೂ ಹಂಚಿಬಿಟ್ಟೆ. ತಪ್ಪಾದಾಗ ಮಧ್ಯೆ ಹೋಗುವುದಿಲ್ಲ, ಮುಗಿದ ಮೇಲೆ ಕೂತು ಮಾತಾಡುತ್ತೇವೆ. ಪ್ರಾಣಾಪಾಯ ಇದ್ದರೆ ಮಾತ್ರ ನಾನು ಬಾಯಿ ಹಾಕುತ್ತೇನೆ. ಇದನ್ನು ಪಾಲಿಸುವುದು ಮೇಷ್ಟ್ರಿಗೆ ತುಂಬಾ ಕಷ್ಟ. ನಮಗೆ ತಿದ್ದುವುದೇ ಅಭ್ಯಾಸ.

ಮೈದಾನದ ತಯಾರಿಗೆ ಜಾಸ್ತಿ ಖರ್ಚು ಬೇಕಿಲ್ಲ. ಎರಡು ಸರ್ವೆ ಗಳ, ಒಂದು ದಪ್ಪ ಹಲಗೆ, ಹಗ್ಗ, ಹಳೇ ಟೈರು, ಸಿಮೆಂಟ್ ಬ್ಲಾಕು, ಗೆರೆ ಎಳೆಯಲು ಸುಣ್ಣದ ಪುಡಿ. ಇಷ್ಟರಲ್ಲೇ, ಗುಂಪಾಗಿ ಹೊರೆ ಹೊತ್ತು ಅಡೆತಡೆ ದಾಟುವ ಗ್ರೂಪ್ ಟಾಸ್ಕ್ ಕಟ್ಟಿದೆವು. ಕೆಂಪು ಬಣ್ಣ ಬಳಿದದ್ದನ್ನು ಯಾರೂ ಮುಟ್ಟುವಂತಿಲ್ಲ, ನಾಲ್ಕು ಅಡಿಗಿಂತ ಅಗಲ ಇದ್ದರೆ ಜಿಗಿಯುವಂತಿಲ್ಲ, ಹೊರೆಯನ್ನು ಬಿಟ್ಟು ಹೋಗುವಂತಿಲ್ಲ. ಮೊದಲ ವಾರ ಪ್ರತಿ ಸಲವೂ ಒಂದೇ ನಾಟಕ. ಜೋರು ಬಾಯಿಯವರು ಹಲಗೆ ಕಿತ್ತುಕೊಂಡು ಓಡುವುದು, ಅದು ಮುಂದಿನ ಬ್ಲಾಕಿಗೆ ತಲುಪದೆ ನಿಲ್ಲುವುದು. ಹಿಂದೆ ನಿಂತ ಒಬ್ಬ ಮೆಲ್ಲಗೆ "ಗಳಕ್ಕೆ ಹಲಗೆ ಕಟ್ಟಿದ್ರೆ ಉದ್ದ ಸಾಕಾಗುತ್ತೆ" ಅನ್ನುತ್ತಿದ್ದ. ಯಾರಿಗೂ ಕೇಳುತ್ತಿರಲಿಲ್ಲ. ಅವನಿಗೆ ನಾನು ಹೇಳಿದ್ದು ಇಷ್ಟೇ: "ಏನಪ್ಪಾ, ಐಡಿಯಾ ನಿನ್ನ ಹತ್ತಿರ ಇದೆ, ಹಗ್ಗ ಯಾಕೆ ಇನ್ನೊಬ್ಬನ ಕೈಯಲ್ಲಿದೆ?" ಮುಂದಿನ ಸಲ ಅವನು ಮಾತಾಡುವ ಮೊದಲೇ ಹಗ್ಗ ಎತ್ತಿಕೊಂಡ. ಹಗ್ಗ ಕಟ್ಟಲು ಶುರು ಮಾಡಿದ ಮೇಲೆ ಉಳಿದವರು ತಾವಾಗಿ ಹತ್ತಿರ ಬಂದರು. ಮೆಲ್ಲಗೆ ಮಾತಾಡುವ ಮಕ್ಕಳಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಕಿರುಚಲು ಕಲಿಸುವುದು ಬೇಡ, ಕೈ ಹಾಕಲು ಕಲಿಸಿ.

ಇಂಗ್ಲಿಷ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮವರಲ್ಲಿ ಮುಕ್ಕಾಲು ಪಾಲು ಕನ್ನಡ ಮಾಧ್ಯಮದವರು. ವ್ಯಾಕರಣದ ಕ್ಲಾಸ್ ಮಾಡಿ ಸೋತೆ. ಈಗ ಮಾಡುವುದೇ ಬೇರೆ. ಪೆರೇಡ್ ಮುಗಿದ ಮೇಲೆ ಒಬ್ಬರು ಮೂರು ನಿಮಿಷ ತಯಾರಾಗಿ ಮೂರು ನಿಮಿಷ ಮಾತಾಡಬೇಕು. ಎಸ್‌ಎಸ್‌ಬಿಯ ಲೆಕ್ಚರೆಟ್ ಅನ್ನುವ ಕಿರು ಭಾಷಣ ಕೂಡ ಹೀಗೇ ಇರುತ್ತದೆ. ಮೊದಲು ಅದೇ ವಿಷಯವನ್ನು ಕನ್ನಡದಲ್ಲಿ ಹೇಳಿಸುತ್ತೇನೆ. ಕನ್ನಡದಲ್ಲಿ ಹೇಳಲು ಎರಡು ಗಟ್ಟಿ ಮಾತು ಇಲ್ಲದವನಿಗೆ ಇಂಗ್ಲಿಷ್ ಏನು ಮಾಡೀತು? ಇದ್ದವನು ಚಿಕ್ಕಚಿಕ್ಕ ವಾಕ್ಯದಲ್ಲಿ ಆರು ತಿಂಗಳಲ್ಲಿ ಮಾತಾಡುತ್ತಾನೆ. ತಪ್ಪಿದರೆ ನಗುವಂತಿಲ್ಲ, ಅದೊಂದು ನಿಯಮ.

ವೈದ್ಯಕೀಯ ತಪಾಸಣೆಯ ವಿಷಯದಲ್ಲಿ ತಡ ಮಾಡಬೇಡಿ. ಒಬ್ಬ ಹುಡುಗ ಐದೂ ದಿನ ದಾಟಿ ಆಯ್ಕೆಯಾಗಿ, ತೂಕ ಜಾಸ್ತಿ ಅಂತ ನಿಂತುಬಿಟ್ಟ. ಬೆವರು ಸುರಿಸಿ ಇಳಿಸಿ, ಅಪೀಲ್ ಮಾಡಿ ಪಾಸಾದ ಅನ್ನಿ, ಆದರೆ ಆ ದಿನಗಳಲ್ಲಿ ಅವನ ಮುಖ ನೋಡಲು ಆಗುತ್ತಿರಲಿಲ್ಲ. ಈಗ ಮೊದಲ ವರ್ಷದಲ್ಲೇ ಕಣ್ಣು, ಕಿವಿ, ಹಲ್ಲು, ಪಾದ ಎಲ್ಲ ತೋರಿಸುತ್ತೇವೆ. ಓಟವನ್ನು ಟಾರ್ ರಸ್ತೆಯಿಂದ ಮಣ್ಣಿಗೆ ತಂದ ಮೇಲೆ ಮೊಣಕಾಲಿನ ಕೆಳಗಿನ ನೋವಿನ ದೂರು ಕೂಡ ಕಡಿಮೆಯಾಯಿತು.

ಮನೆಯವರನ್ನು ಒಪ್ಪಿಸುವುದು ಇನ್ನೊಂದು ದೊಡ್ಡ ಕೆಲಸ. ನಮ್ಮ ಕಡೆ ಮಿಲಿಟರಿ ಅಂದರೆ ಭರ್ತಿ ರ‍್ಯಾಲಿಯ ಓಟ ಅಂತಲೇ ಗೊತ್ತು. ಡಿಗ್ರಿ ಮುಗಿಸಿ ನೇರವಾಗಿ ಲೆಫ್ಟಿನೆಂಟ್ ಆಗಬಹುದು ಅನ್ನುವುದು ಎಷ್ಟೋ ಮನೆಗಳಿಗೆ ಹೊಸ ಸುದ್ದಿ. ಅದಕ್ಕೇ ಪ್ರತಿ ವರ್ಷ ಜನವರಿ 15ರಂದು ಪಾಲಕರನ್ನು ಕರೆಯುತ್ತೇವೆ. 1949ರಲ್ಲಿ ಅದೇ ದಿನ ನಮ್ಮ ಕೊಡಗಿನ ಕಾರ್ಯಪ್ಪ ಅವರು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು ಅಂತ ಹೇಳಿಯೇ ಮಾತು ಶುರು ಮಾಡುತ್ತೇನೆ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಅಧಿಕಾರಿ ಹುದ್ದೆಗೆ ಸಿಡಿಎಸ್ ಅನ್ನುವ ಲಿಖಿತ ಪರೀಕ್ಷೆ ನಡೆಸುತ್ತದೆ. ಎನ್‌ಸಿಸಿಯ 'ಸಿ' ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್, ಡಿಗ್ರಿಯಲ್ಲಿ ಶೇ. 50 ಅಂಕ ಇದ್ದರೆ ಲಿಖಿತ ಪರೀಕ್ಷೆ ಇಲ್ಲದೆ ವಿಶೇಷ ಪ್ರವೇಶಕ್ಕೆ ಅರ್ಜಿ ಹಾಕಬಹುದು. ಆದರೆ ಸೀಟು ಕಡಿಮೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಹೆಣ್ಣುಮಕ್ಕಳ ತಾಯಂದಿರು "ಕೆಲವು ವರ್ಷ ಆದ್ಮೇಲೆ ಕಳಿಸಿಬಿಡ್ತಾರಂತಲ್ಲ ಸರ್" ಅನ್ನುತ್ತಿದ್ದರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮಹಿಳಾ ಅಧಿಕಾರಿಗಳಿಗೂ ಕಾಯಂ ಕಮಿಷನ್ (ನಿವೃತ್ತಿಯವರೆಗೆ ಸೇವೆ) ಕೊಡಬೇಕು ಅಂತ ತೀರ್ಪು ಕೊಟ್ಟ ಮೇಲೆ ಆ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇದೆ.

ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಸಂದರ್ಶನಕ್ಕೆ ಮೊದಲು ಪಿಐಕ್ಯೂ ಅಂತ ಒಂದು ಫಾರಂ ತುಂಬಬೇಕು. ಮನೆ, ಓದು, ಆಟ, ತಂದೆತಾಯಿಯ ಕೆಲಸ, ಆದಾಯ ಎಲ್ಲ ಬರೆಯಬೇಕು. ಕಾಲೇಜಿನಲ್ಲಿ ಅಭ್ಯಾಸಕ್ಕೆ ತುಂಬಿಸಿದಾಗ ಅವನು ತಂದೆಯ ಕೆಲಸ 'ವ್ಯಾಪಾರ' ಅಂತ ಬರೆದಿದ್ದ. ಅವನ ಅಪ್ಪ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ ಅಂತ ನನಗೆ ಗೊತ್ತಿತ್ತು. ನಾನು ಏನೂ ಹೇಳಲಿಲ್ಲ. "ಏನು ವ್ಯಾಪಾರ?" ಅಂತ ಮಾತ್ರ ಕೇಳಿದೆ. ಅವನು ಪೆನ್ ಹಿಡಿದುಕೊಂಡು ತುಂಬಾ ಹೊತ್ತು ಕೂತ. ಆಮೇಲೆ ಆ ಪದದ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಹಮಾಲಿ' ಅಂತ ಬರೆದ.

ಬೆಂಗಳೂರಿನಲ್ಲಿ ಅದರ ಮೇಲೇ ಜಾಸ್ತಿ ಮಾತು ನಡೆಯಿತಂತೆ. ರಜೆಯಲ್ಲಿ ಅಪ್ಪನ ಜೊತೆ ಅವನೂ 50 ಕೆಜಿ ಮೂಟೆ ಹೊತ್ತಿದ್ದ. ಮೂಟೆಗೆ ಎಷ್ಟು, ಸೀಸನ್ನಿನಲ್ಲಿ ದಿನಕ್ಕೆ ಎಷ್ಟು ಮೂಟೆ, ಮಳೆಗಾಲದಲ್ಲಿ ಮನೆ ಹೇಗೆ ನಡೆಯುತ್ತದೆ, ತಂಗಿಯ ಫೀಸು ಎಲ್ಲಿಂದ ಬಂತು, ಎಲ್ಲವನ್ನೂ ರೂಪಾಯಿ ಲೆಕ್ಕದಲ್ಲಿ ಹೇಳಿದ. ಆಯ್ಕೆಯೂ ಆದ. ಆದರೆ ಮೆರಿಟ್ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಎಸ್‌ಎಸ್‌ಬಿಯಲ್ಲಿ ಪಾಸಾದರೆ ಮುಗಿಯಿತು ಅಂದುಕೊಂಡವರು ಇದನ್ನು ಗಮನಿಸಬೇಕು. ಅದಾದ ಮೇಲೂ ಪಟ್ಟಿ ಇದೆ, ಸೀಟಿನ ಲೆಕ್ಕ ಇದೆ. ಅವನು ಒಂದು ವರ್ಷ ಟ್ಯೂಷನ್ ಹೇಳಿಕೊಂಡು ಸಿಡಿಎಸ್ ಬರೆದ. ಈಗ ಚೆನ್ನೈನ ಸೇನಾಧಿಕಾರಿಗಳ ಅಕಾಡೆಮಿ ಓಟಿಎಯಲ್ಲಿ ತರಬೇತಿಯಲ್ಲಿದ್ದಾನೆ. ಚಾರಣ ನಡೆಸಿದ ಆ ಹುಡುಗಿ ಎರಡು ಸಲ ಕಾನ್ಫರೆನ್ಸ್‌ವರೆಗೆ ಹೋಗಿ ವಾಪಸ್ ಬಂದಳು. ಯಾಕೆ ಅಂತ ಅಲ್ಲಿ ಹೇಳುವುದಿಲ್ಲ. ನನಗೂ ಗೊತ್ತಾಗಿಲ್ಲ, ಅದು ನನ್ನನ್ನು ಇನ್ನೂ ಕಾಡುತ್ತದೆ. ಮೂರನೇ ಸಲಕ್ಕೆ ತಯಾರಾಗುತ್ತಿದ್ದಾಳೆ. ಜೊತೆಗೆ ಬಿ.ಎಡ್. ಕೂಡ ಮಾಡುತ್ತಿದ್ದಾಳೆ, ಅದು ನನಗೆ ಸಮಾಧಾನ. ಒಂದೇ ಬಾಗಿಲು ನಂಬಿಕೊಂಡು ಕೂರಬೇಡಿ ಅಂತ ಪ್ರತಿ ಬ್ಯಾಚಿಗೂ ಹೇಳುತ್ತೇನೆ.

ಈ ವರ್ಷದ ಚಾರಣ ಮೊದಲ ವರ್ಷದ ಒಬ್ಬ ಹುಡುಗನ ಕೈಯಲ್ಲಿದೆ. ಅವನಿಗೆ ಹಳೇ ನೋಟ್‌ಬುಕ್ ಕೊಟ್ಟಿದ್ದೇನೆ. ಹೊರಡಲು ಇನ್ನು ಒಂಬತ್ತು ದಿನ ಇದೆ. ಬಸ್ ಇನ್ನೂ ಗೊತ್ತು ಮಾಡಿಲ್ಲ ಅಂತ ಕಾಣುತ್ತದೆ. ನಾನು ಕೇಳಿಲ್ಲ.