ಹಗೇವಿನೊಳಗಿನ ಗಾಳಿ

ಮೂರು ಸಣ್ಣಕಥೆ ಸೇರಿಸಿ ಒಂದು ಹೆದರಿಕೆಯ ಚಿತ್ರ ಮಾಡಲು ಹೊರಟಾಗ ಮೊದಲು ಹೋದದ್ದು ಕಥೆಗಾರರ ಮನೆಗೆ. ಇಬ್ಬರು ಒಪ್ಪಿಗೆ ಬರೆದುಕೊಟ್ಟರು. ಮೂರನೆಯವರು ತೀರಿಕೊಂಡು 60 ವರ್ಷ ದಾಟಿತ್ತು, ಹಕ್ಕಿನ ತಕರಾರು ಇರಲಿಲ್ಲ. ಬಾಯಿಮಾತಿನ ಒಪ್ಪಿಗೆ ನಂಬಿಕೊಂಡು ಯಾರೂ ಕ್ಯಾಮೆರಾ ಎತ್ತಬೇಡಿ.

ನಿಜವಾದ ಕಷ್ಟ ಚಿತ್ರಕಥೆ ಬರೆಯುವಾಗ ಶುರುವಾಯಿತು. ಹೊಲದಲ್ಲಿ ಯಾರೋ ಇದ್ದಂತೆ ಅವಳಿಗೆ ಅನಿಸಿತು ಎಂದು ಕಥೆಗಾರ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾನೆ. ಆ 'ಅನಿಸಿತು' ಎಂಬುದನ್ನು ಕ್ಯಾಮೆರಾಗೆ ಹೇಗೆ ತೋರಿಸುವುದು? ನಾನು ಬಿಳಿ ಸೀರೆ ಉಡಿಸಿ ಒಬ್ಬಳನ್ನು ನಿಲ್ಲಿಸಿಬಿಟ್ಟೆ. ಎಡಿಟಿಂಗ್‌ನಲ್ಲಿ ನೋಡಿದರೆ ಮನುಷ್ಯಳೇ ಕಂಡಳು, ಹೆದರಿಕೆ ಹುಟ್ಟಲಿಲ್ಲ. ಇಡೀ ರಾತ್ರಿಯ ಶೂಟಿಂಗ್ ತೆಗೆದುಹಾಕಿದೆ.

ಆಗ ಮತ್ತೆ ನೋಡಿದ್ದು ಜಪಾನಿನ ನಿರ್ದೇಶಕ ಮಸಾಕಿ ಕೊಬಯಾಶಿಯ 1964ರ ದೆವ್ವದ ಚಿತ್ರ 'ಕ್ವೈದಾನ್'. ಅದೂ ಕಥೆಗಳಿಂದಲೇ ಹುಟ್ಟಿದ ಚಿತ್ರ, ಲಫ್ಕಾಡಿಯೋ ಹರ್ನ್ ಬರೆದಿಟ್ಟ ನಾಲ್ಕು ಕಥೆ. ಮೊದಲ ಕಥೆಯಲ್ಲಿ ಸಂಗೀತ ನಿರ್ದೇಶಕ ಟೊರು ಟಕೆಮಿತ್ಸು ಕಟ್ಟಿಗೆ ಸೀಳುವ ಸದ್ದನ್ನೇ ಸಂಗೀತ ಮಾಡಿದ್ದಾನೆ. ಹೆದರಿಕೆ ಕಣ್ಣಿಗಿಂತ ಮೊದಲು ಕಿವಿಗೆ ಬರುತ್ತದೆ ಎಂಬುದು ಅಲ್ಲಿ ನನಗೆ ಹೊಳೆಯಿತು. ನಮ್ಮ ಕಲಬುರಗಿ ಸೀಮೆಯಲ್ಲಿ ದೆವ್ವ ಎಂದು ಹೆಸರೆತ್ತದೆ 'ಗಾಳಿ ಬಡದದ' ಅನ್ನುತ್ತಾರಲ್ಲ! ನನಗೆ ಬೇಕಾದ ಪಾತ್ರ ಮಾತಿನಲ್ಲೇ ಇತ್ತು.

ಫೆಬ್ರುವರಿಯಲ್ಲಿ ಜೇವರ್ಗಿ ಕಡೆಯ ಎರೆಹೊಲಕ್ಕೆ ರೆಕಾರ್ಡರ್ ಒಯ್ದೆ. ಬಿಳಿಜೋಳ ಕೊಯ್ಲಿಗೆ ಬಂದಿತ್ತು, ಎಲೆ ಒಣಗಿ ಗರಿಗರಿ. ಮೈಕ್ ಎತ್ತಿ ಹಿಡಿದರೆ ಗಾಳಿ ನೇರ ಬಡಿದು ಬರೀ ಗುಂಗುಂ. ದಂಟಿನ ಬುಡದಲ್ಲಿ, ಮೊಣಕಾಲೆತ್ತರಕ್ಕೆ ಇಟ್ಟಾಗ ಎಲೆಗೆ ಎಲೆ ತಿಕ್ಕುವ ಸದ್ದು ಬಂತು. ಯಾರೋ ಹೊಸ ಸೀರೆ ಉಟ್ಟು ಮೆಲ್ಲಗೆ ನಡೆದ ಹಾಗೆ. ಮೂರೂ ಕಥೆಗಳನ್ನು ಹೊಲಿದದ್ದು ಈ ಸದ್ದೇ, ನಿರೂಪಕ ಬೇಕಾಗಲಿಲ್ಲ.

ಎರಡನೆಯ ಕಥೆ ಶಹಾಬಾದ ಕಲ್ಲಿನ ಹಳೆ ಮನೆಯೊಂದರಲ್ಲಿ ಸಲೀಸಾಗಿ ಮುಗಿಯಿತು.

ಕೊನೆಯದು ಹಗೇವಿನ ಕಥೆ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿದ ನೆಲದೊಳಗಿನ ಕಣಜ. ಒಳಗೆ ಕಾಳು ಉಸಿರಾಡಿ ಆಮ್ಲಜನಕ ತೀರಿರುತ್ತದೆ. ತೆಗೆದ ಕೂಡಲೇ ಇಳಿದವರು ಹೆಣವಾಗಿ ಬಂದದ್ದುಂಟು. ನಮ್ಮ ನಟ ಕಾಲು ಇಳಿಬಿಡಲು ಹೋದಾಗ ಮನೆಯ ಹಿರಿಯರು ತೋಳು ಹಿಡಿದು ಎಳೆದರು.

"ಇಳೀಬ್ಯಾಡ ತಮ್ಮಾ, ಒಳಗ ಗಾಳಿ ಅದ."

ಯಾವ ಗಾಳಿ ಎಂದು ನಾನು ಕೇಳಲಿಲ್ಲ. ಇಳಿಯುವ ದೃಶ್ಯವನ್ನೇ ಬಿಟ್ಟೆ. ಅವರು ಕಂದೀಲಿಗೆ ಹಗ್ಗ ಕಟ್ಟಿ ಕೆಳಗೆ ಬಿಟ್ಟರು, ನಾವು ಕ್ಯಾಮೆರಾ ಹಚ್ಚಿದೆವು. ಎರಡಾಳು ಆಳಕ್ಕೆ ಹೋಗುವಷ್ಟರಲ್ಲಿ ಉರಿ ಕುಗ್ಗಿ ನೀಲಿಯಾಯಿತು, ಆಮೇಲೆ ಆರಿತು. ಯಾರೂ ಮಾತಾಡಲಿಲ್ಲ, ನನ್ನ ಬಾಯಿಂದ 'ಕಟ್' ಬರಲಿಲ್ಲ. ಹಿರಿಯರು ತಾವಾಗಿ ಹಗ್ಗ ಸೇದಿಕೊಂಡು ಕಲ್ಲು ಎಳೆದು ಮುಚ್ಚಿದರು. ಚಿತ್ರದ ಕೊನೆಯಲ್ಲಿ ಕಾಣುವುದು ಅವರದೇ ಕೈ.