ಕಿವಿಗೆ ಬೇಗ ಸಿಗುವ ಹಾಗೆ ಹಾಡು ಜೋಡಿಸಿಡುವುದು

ಹಾಡಿನ ಫೈಲಿಗೆ ಹೆಸರಿಡುವಾಗ ಬೇರೆ ಬೇರೆಯಾಗಿರುವ ಪದ ಮೊದಲು ಬರಲಿ, ಎಲ್ಲದರಲ್ಲೂ ಒಂದೇ ಇರುವ ಪದ ಕೊನೆಗೆ ಹೋಗಲಿ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ಇದೊಂದನ್ನು ಗಟ್ಟಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಕಣ್ಣು ಕಾಣುವವರಿಗೆ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದರೆ ಬೇಕಾದದ್ದು ಸಿಗುತ್ತದೆ. ನಮಗೆ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಶುರುವಿನಿಂದ ಓದಿಕೊಂಡು ಬರಬೇಕು. ಫೈಲಿನ ಹೆಸರು ‘ಪಂಡಿತ್ ಭೀಮಸೇನ ಜೋಶಿ ಲೈವ್ ಇನ್ ಪುಣೆ ರಾಗ್ ಯಮನ್’ ಅಂತಿದ್ದರೆ, ಕೆಳಬಾಣ ಒತ್ತಿದಾಗಲೆಲ್ಲ ಪಂಡಿತ್‌ನಿಂದ ಪುಣೆಯವರೆಗೆ ಕೇಳಿಯೇ ರಾಗಕ್ಕೆ ಬರಬೇಕು, ಅದೂ ಆ ಫೋಲ್ಡರಿನಲ್ಲಿ ಎಷ್ಟು ಫೈಲಿದೆಯೋ ಅಷ್ಟು ಸಲ. ‘ಯಮನ್, ಭೀಮಸೇನ ಜೋಶಿ’ ಅಂತಿದ್ದರೆ ಮೊದಲ ಪದಕ್ಕೇ ಗೊತ್ತಾಗುತ್ತದೆ. ಹೆಸರು ಇಂಗ್ಲಿಷ್ ಅಕ್ಷರದಲ್ಲಿದ್ದರೆ ವೈ ಒತ್ತಿ ನೇರ ಅಲ್ಲಿಗೇ ಹಾರಬಹುದು.

ಮುಂಬೈ ಕನ್ನಡಿಗರ ಹಾರ್ಡ್ ಡಿಸ್ಕಿನಲ್ಲಿ ಇರುವುದು ಬರೀ ಸಿನಿಮಾ ಹಾಡಲ್ಲ. ಮಾಟುಂಗಾ, ಮಾಹಿಮ್ ಕಡೆಯ ಸಭಾಂಗಣಗಳಲ್ಲಿ ರೆಕಾರ್ಡ್ ಮಾಡಿದ ತಾಳಮದ್ದಳೆ, ಭಜನಾ ಮಂಡಳಿಯ ದಾಸರ ಪದಗಳು, ಊರಿಂದ ತಂದ ಕ್ಯಾಸೆಟ್ಟಿನಿಂದ ಇಳಿಸಿದ ಯಕ್ಷಗಾನ, ಜೊತೆಗೆ ವಾಟ್ಸಾಪ್‌ನಲ್ಲಿ ಬಂದ ರಾಶಿ. ಇವುಗಳ ಮಾಹಿತಿಯನ್ನು ಇಂಟರ್ನೆಟ್ಟಿನಿಂದ ತಾನಾಗಿಯೇ ತುಂಬುವ ಸಾಫ್ಟ್‌ವೇರ್ ಇವೆ, ಸಿನಿಮಾ ಹಾಡಿಗೆ ಅವು ಪರವಾಗಿಲ್ಲ. ತಾಳಮದ್ದಳೆಗೆ ಅವನ್ನು ನಂಬಬೇಡಿ. ಅದನ್ನು ನಾವೇ ಕೂತು ಮಾಡಬೇಕು.

ಬೇಕಾದದ್ದು ಮೂರು: ಎನ್‌ವಿಡಿಎ, ಎಂಪಿ3ಟ್ಯಾಗ್, ಫೂಬಾರ್2000. ವಿಂಡೋಸ್‌ನಲ್ಲಿ ಮೂರೂ ಉಚಿತ. ಮೊದಲನೆಯದು ಓದಿ ಹೇಳುತ್ತದೆ, ಎರಡನೆಯದರಲ್ಲಿ ಹೆಸರು, ವಿವರ ತುಂಬುತ್ತೇವೆ, ಮೂರನೆಯದರಲ್ಲಿ ಹುಡುಕಿ ಕೇಳುತ್ತೇವೆ. ಶುರು ಮಾಡುವ ಮೊದಲು ಇಡೀ ಸಂಗ್ರಹವನ್ನು ಬೇರೊಂದು ಡಿಸ್ಕಿಗೆ ಕಾಪಿ ಮಾಡಿಡಿ. ದಯವಿಟ್ಟು ಇದನ್ನು ಬಿಡಬೇಡಿ, ನೂರಾರು ಫೈಲಿನ ಹೆಸರು ಒಂದೇ ಏಟಿಗೆ ಬದಲಾಗುವ ಕೆಲಸ ಇದು.

ಎನ್‌ವಿಡಿಎಯಲ್ಲಿ ಒಂದು ಸಣ್ಣ ಸಿದ್ಧತೆ ಬೇಕು. ಎಂಪಿ3ಟ್ಯಾಗ್ ತೆರೆದಿಟ್ಟು ಕಂಟ್ರೋಲ್, ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಪಿ ಒಟ್ಟಿಗೆ ಒತ್ತಿ. ಪ್ರೊಫೈಲ್‌ಗಳ ಕಿಟಕಿ ತೆರೆಯುತ್ತದೆ. ಈ ಸಾಫ್ಟ್‌ವೇರಿಗೆ ಮಾತ್ರ ಅನ್ವಯಿಸುವ ಹೊಸ ಪ್ರೊಫೈಲ್ ಮಾಡಿ, ಅದರಲ್ಲಿ ಎನ್‌ವಿಡಿಎ ಜೊತೆಗೇ ಬರುವ ಇ-ಸ್ಪೀಕ್‌ನ ಕನ್ನಡ ಧ್ವನಿ ಆರಿಸಿ. ಅದು ಇಂಗ್ಲಿಷ್ ಪದಗಳನ್ನೂ ಓದುತ್ತದೆ. ಧ್ವನಿ ಸ್ವಲ್ಪ ಒರಟು, ನಿಜ, ಆದರೆ ವೇಗ ಹೆಚ್ಚಿಸಿದರೂ ಅಕ್ಷರ ಸ್ಪಷ್ಟವಾಗಿ ಕೇಳುತ್ತದೆ, ಈ ಕೆಲಸಕ್ಕೆ ಬೇಕಾದದ್ದು ಅದೇ. ಆಮೇಲೆ ಎನ್‌ವಿಡಿಎ ಕೀ ಜೊತೆ ಪಿ ಒತ್ತುತ್ತಾ ಹೋಗಿ ಚಿಹ್ನೆಗಳೆಲ್ಲ ಕೇಳುವ ಹಾಗೆ ಮಾಡಿಕೊಳ್ಳಿ. ಹೈಫನ್, ಅಂಡರ್‌ಸ್ಕೋರ್, ಪರ್ಸೆಂಟ್ ಕಿವಿಗೆ ಬೀಳದಿದ್ದರೆ ಮುಂದಿನ ಕೆಲಸ ಆಗುವುದಿಲ್ಲ.

ಈಗ ಎಂಪಿ3ಟ್ಯಾಗ್. ಒಂದು ಫೋಲ್ಡರ್ ತೆರೆದು ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಆರಿಸಿ, ಟ್ಯಾಬ್ ಒತ್ತುತ್ತಾ ಟೈಟಲ್, ಆರ್ಟಿಸ್ಟ್, ಆಲ್ಬಮ್ ಇರುವ ಜಾಗಗಳಿಗೆ ಹೋಗಿ. ಫೈಲಿನಿಂದ ಫೈಲಿಗೆ ಬೇರೆ ಬೇರೆ ಇರುವ ವಿವರದ ಜಾಗದಲ್ಲಿ ‘ಕೀಪ್’ ಅಂತ ಕೇಳಿಸುತ್ತದೆ. ಅಂದರೆ ಇದ್ದದ್ದು ಇದ್ದ ಹಾಗೇ ಇರುತ್ತದೆ. ಅದನ್ನು ಮುಟ್ಟಬೇಡಿ. ಎಲ್ಲದಕ್ಕೂ ಒಂದೇ ಆಗಬೇಕಾದ ಕಡೆ ಮಾತ್ರ, ಉದಾಹರಣೆಗೆ ಆರ್ಟಿಸ್ಟ್ ಅಥವಾ ವರ್ಷ, ಬರೆದು ಕಂಟ್ರೋಲ್ ಎಸ್ ಒತ್ತಿ. ಇನ್ನೂ ಜಾಸ್ತಿ ವಿವರ ಬೇಕಾದರೆ ಆಲ್ಟ್ ಟಿ ಒತ್ತಿ, ಆ ಫೈಲಿನಲ್ಲಿರುವ ಎಲ್ಲ ಟ್ಯಾಗ್‌ಗಳ, ಅಂದರೆ ಫೈಲಿನೊಳಗೆ ಬರೆದಿಟ್ಟ ವಿವರಗಳ ಪಟ್ಟಿ ಬರುತ್ತದೆ.

ಸಿನಿಮಾ ಹಾಡಿಗೆ ಆಲ್ಬಮ್ ಆರ್ಟಿಸ್ಟ್ ಜಾಗವನ್ನು ಖಾಲಿ ಬಿಡಬೇಡಿ. ಒಂದು ಸಿನಿಮಾದಲ್ಲಿ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಇಬ್ಬರೂ ಹಾಡಿದ್ದರೆ ಪ್ಲೇಯರ್ ಅದನ್ನು ಎರಡು ಆಲ್ಬಮ್ ಅಂದುಕೊಳ್ಳಬಹುದು. ಆ ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರು ಹಾಕಿ, ಎಲ್ಲ ಒಟ್ಟಿಗೆ ಬರುತ್ತವೆ. ಹಿಂದೂಸ್ತಾನಿಗೆ ಟೈಟಲ್‌ನಲ್ಲಿ ಮೊದಲು ರಾಗ, ಮತ್ತೆ ವರ್ಷ ಬೇಕೇ ಬೇಕು. ಪುಣೆಯ ಸವಾಯಿ ಗಂಧರ್ವ ಉತ್ಸವ 1953ರಲ್ಲಿ ಶುರುವಾದದ್ದು, ಒಬ್ಬರೇ ಕಲಾವಿದರು ಒಂದೇ ರಾಗವನ್ನು ಬೇರೆ ಬೇರೆ ವರ್ಷ ಹಾಡಿದ ರೆಕಾರ್ಡಿಂಗ್ ನಿಮ್ಮಲ್ಲಿದ್ದರೆ ವರ್ಷವೇ ಗುರುತು. ತಾಳಮದ್ದಳೆಗೆ ಆಲ್ಬಮ್ ಅಂದರೆ ಪ್ರಸಂಗ, ಆರ್ಟಿಸ್ಟ್ ಅಂದರೆ ಭಾಗವತರು, ಅರ್ಥಧಾರಿಗಳು ಯಾರು ಯಾವ ಪಾತ್ರ ಅನ್ನುವುದು ಕಾಮೆಂಟ್‌ನಲ್ಲಿ. ಈ ವಿವರ ಈಗಲೇ ಬರೆದಿಡಿ. ಧ್ವನಿ ಕೇಳಿ ಗುರುತಿಸುವ ಹಿರಿಯರು ನಮ್ಮ ನಡುವೆ ಇದ್ದಾರೆ, ಅವರನ್ನು ಕೂರಿಸಿಕೊಂಡು ಕೇಳಿಸಿ.

ವಿವರ ತುಂಬಿದ ಮೇಲೆ ಆಲ್ಟ್ 1. ಟ್ಯಾಗ್‌ನಿಂದ ಫೈಲಿನ ಹೆಸರು ಮಾಡುವ ಕಿಟಕಿ ಇದು. ಪರ್ಸೆಂಟ್ ಚಿಹ್ನೆ, ಟೈಟಲ್ ಅನ್ನುವ ಇಂಗ್ಲಿಷ್ ಪದ, ಮತ್ತೆ ಪರ್ಸೆಂಟ್, ಆಮೇಲೆ ಹೈಫನ್, ಹಾಗೇ ಆರ್ಟಿಸ್ಟ್, ಹಾಗೇ ಇಯರ್. ಎಂಟರ್ ಒತ್ತುವ ಮೊದಲು ಪ್ರಿವ್ಯೂ ಕೇಳಿ. ಕಂತುಗಳಾಗಿ ಬರುವ ತಾಳಮದ್ದಳೆಗೆ ಮಾತ್ರ ಮೊದಲು ನಂಬರ್ ಬರಲಿ, ಅದೂ 1, 2 ಅಲ್ಲ, 01, 02. ಇಲ್ಲದಿದ್ದರೆ ಎಷ್ಟೋ ಪೆನ್ ಡ್ರೈವ್ ಪ್ಲೇಯರುಗಳು 1 ಆದ ಮೇಲೆ 10ಕ್ಕೆ ಹೋಗುತ್ತವೆ. ಮತ್ತೆ ಹೆಸರು ಉದ್ದ ಮಾಡಬೇಡಿ. ಡ್ರೈವ್, ಫೋಲ್ಡರ್, ಫೈಲ್ ಸೇರಿ 260 ಅಕ್ಷರ ದಾಟಿದರೆ ಹಲವು ವಿಂಡೋಸ್ ಸಾಫ್ಟ್‌ವೇರ್‌ಗಳು ಆ ಫೈಲನ್ನು ತೆರೆಯುವುದೇ ಇಲ್ಲ.

ಕನ್ನಡದಲ್ಲಿ ಬರೆಯಬೇಕಾ, ಇಂಗ್ಲಿಷ್ ಅಕ್ಷರದಲ್ಲಾ? ನನ್ನ ಅಭಿಪ್ರಾಯ ಹೀಗೆ: ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಕೀಬೋರ್ಡ್ ಬದಲಿಸದೆ ಅಕ್ಷರ ಒತ್ತಿ ಹಾರುವ ಅನುಕೂಲ ಬಹಳ ದೊಡ್ಡದು. ಹಾಗಾಗಿ ಮೊದಲು ಇಂಗ್ಲಿಷ್ ಅಕ್ಷರದಲ್ಲೇ ಟ್ಯಾಗ್ ತುಂಬಿ ಆಲ್ಟ್ 1 ಮುಗಿಸಿ. ಅದಾದ ಮೇಲೆ ದಾಸರ ಪದ, ವಚನ, ಯಕ್ಷಗಾನದ ಟೈಟಲ್‌ಗಳನ್ನು ಕನ್ನಡಕ್ಕೆ ಬದಲಿಸಿ. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಯಾವ ಧ್ವನಿಯೂ ಸರಿಯಾಗಿ ಓದುವುದಿಲ್ಲ, ಳ ಹೋಗಿ ಲ ಆಗುತ್ತದೆ, ದೀರ್ಘ ಎಲ್ಲ ಮಾಯ. ವಿಂಡೋಸ್‌ನಲ್ಲೇ ಕನ್ನಡ ಫೋನೆಟಿಕ್ ಕೀಬೋರ್ಡ್ ಇದೆ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಬದಲಿಸಿಕೊಳ್ಳಬಹುದು.

ಎರಡು ಕಡೆ ಎಚ್ಚರ ಬೇಕು. ಹಳೆಯ ನುಡಿ, ಬರಹ ಫಾಂಟಿನಲ್ಲಿ ಬರೆದ ಟ್ಯಾಗ್‌ಗಳು ಯೂನಿಕೋಡ್, ಅಂದರೆ ಎಲ್ಲ ಸಾಫ್ಟ್‌ವೇರಿಗೂ ಅರ್ಥವಾಗುವ ಅಕ್ಷರ ಸಂಕೇತ, ಅಲ್ಲ, ಸ್ಕ್ರೀನ್ ರೀಡರ್ ಅವನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕೇಳಿದರೆ ಕಾರಣ ಬೇರೆ ಇರಬಹುದು: ಎಂಪಿ3 ಫೈಲಿನಲ್ಲಿ ಟ್ಯಾಗ್ ಬರೆಯುವ ಪದ್ಧತಿಯಾದ ಐಡಿ3ಯ ಮೊದಲ ಆವೃತ್ತಿಯಲ್ಲಿ ಟೈಟಲ್‌ಗೆ 30 ಅಕ್ಷರ ಮಾತ್ರ ಜಾಗ, ಕನ್ನಡಕ್ಕೆ ಜಾಗವೇ ಇಲ್ಲ. ಎಂಪಿ3ಟ್ಯಾಗ್‌ನ ಆಯ್ಕೆಗಳಲ್ಲಿ ಎರಡನೇ ಆವೃತ್ತಿ, ಕನ್ನಡವನ್ನೂ ಉಳಿಸುವ ಯುಟಿಎಫ್-16 ಇದೆಯಾ ನೋಡಿಕೊಳ್ಳಿ. ಇನ್ನೊಂದು, ಹೆಸರಿನ ಕಾಗುಣಿತ. ರಾಜ್‌ಕುಮಾರ್, ರಾಜ್ಕುಮಾರ್, ರಾಜಕುಮಾರ್ ಕಂಪ್ಯೂಟರಿಗೆ ಮೂರು ಜನ. ಮೊದಲನೆಯದರಲ್ಲಿ ಜ್ ಆದ ಮೇಲೆ ಒಂದು ಕಾಣದ ಅಕ್ಷರ ಇದೆ, ಕಿವಿಗೆ ಅದು ಕೇಳುವುದಿಲ್ಲ. ಆದ್ದರಿಂದ ಕಲಾವಿದರ ಹೆಸರುಗಳನ್ನೆಲ್ಲ ಒಂದು ನೋಟ್‌ಪ್ಯಾಡ್ ಫೈಲಿನಲ್ಲಿ ಬರೆದಿಟ್ಟುಕೊಂಡು ಅಲ್ಲಿಂದಲೇ ಕಾಪಿ ಮಾಡಿ ಅಂಟಿಸಿ.

ಫೂಬಾರ್2000ರಲ್ಲಿ ಕಂಟ್ರೋಲ್ ಪಿ ಒತ್ತಿ, ಮೀಡಿಯಾ ಲೈಬ್ರರಿಗೆ ನಿಮ್ಮ ಫೋಲ್ಡರ್ ಸೇರಿಸಿದರೆ ಸಾಕು. ಲೈಬ್ರರಿ ಮೆನುವಿನ ಹುಡುಕಾಟದಲ್ಲಿ ರಾಗ ಬರೆದರೆ ಬೇರೆ ಬೇರೆ ಫೋಲ್ಡರಿನಲ್ಲಿರುವುದೂ ಒಂದೇ ಪಟ್ಟಿಯಲ್ಲಿ ಬರುತ್ತದೆ. ಕಂಟ್ರೋಲ್, ಶಿಫ್ಟ್, ಆರ್ ಒತ್ತಿದರೆ ಇನ್ನೆಷ್ಟು ಹೊತ್ತು ಬಾಕಿ ಇದೆ ಅಂತ ಎನ್‌ವಿಡಿಎ ಹೇಳುತ್ತದೆ, ಆರ್ ಬದಲು ಇ ಒತ್ತಿದರೆ ಎಷ್ಟು ಆಯಿತು ಅಂತ. ಗಂಟೆಗಟ್ಟಲೆಯ ತಾಳಮದ್ದಳೆಗೆ ಇದು ತುಂಬಾ ಉಪಯೋಗ.

ಫೋನಿಗೆ ಹಾಕುವಾಗ ಪ್ಲೇಲಿಸ್ಟನ್ನು ಎಂ3ಯು8 ಅನ್ನುವ ಬಗೆಯ ಫೈಲಾಗಿ ಉಳಿಸಿ, ಕನ್ನಡ ಹೆಸರು ಕೆಡುವುದಿಲ್ಲ. ಹಾಡುಗಳಿರುವ ಫೋಲ್ಡರಿನಲ್ಲೇ ಅದನ್ನೂ ಇಡಿ. ಆಂಡ್ರಾಯ್ಡ್‌ನಲ್ಲಿ ವಿಎಲ್‌ಸಿ ಪ್ಲೇಯರ್ ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಜೊತೆ ಚೆನ್ನಾಗಿ ನಡೆಯುತ್ತದೆ. ಲೋಕಲ್ ಹತ್ತುವ ಮೊದಲೇ ಪ್ಲೇಲಿಸ್ಟ್ ಶುರು ಮಾಡಿಕೊಳ್ಳಿ, ವಿರಾರ್ ಫಾಸ್ಟಿನ ನೂಕುನುಗ್ಗಲಿನಲ್ಲಿ ಸ್ವೈಪ್ ಮಾಡಿ ಹುಡುಕಲು ಕೈ ಬಿಡುವಿರುವುದಿಲ್ಲ, ಮತ್ತೆ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿ, ಸ್ಟೇಷನ್ ಹೆಸರು ಕೇಳಬೇಕಲ್ವಾ.