ವಕೀಲರೇ, ಚುನಾವಣೆಗೆ ನಿಲ್ಲುವ ಮೊದಲು

ಶಿರಸಿ ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ದುಡಿದಿದ್ದೇನೆ. ನಮ್ಮ ವಕೀಲರು ವಿಧಾನಸಭೆಗೆ ಪಕ್ಷೇತರರಾಗಿ ನಿಂತಾಗ ಕಾಗದಪತ್ರವೆಲ್ಲ ನಾನೇ ಸಿದ್ಧ ಮಾಡಿದ್ದು. ನಮ್ಮ ಸೀಮೆಗೆ ಈ ದಾರಿ ಹೊಸದಲ್ಲ. ಕಾನೂನು ಓದಿದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು 1957ರಲ್ಲಿ ಶಾಸಕರಾದರು, 1983ರಲ್ಲಿ ಮುಖ್ಯಮಂತ್ರಿ.

ತಯಾರಿಯನ್ನು ಅರಣ್ಯ ಅತಿಕ್ರಮಣದ, ಅಂದರೆ ಕಾಡಿನ ಜಾಗದಲ್ಲಿ ನೆಲೆಸಿದವರ ಫೈಲಿನಿಂದ ಶುರುಮಾಡಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು. ಊರಿನ ಹಿರಿಯರ ಹೇಳಿಕೆಯನ್ನು ಬರೆಸಿಕೊಟ್ಟರೂ ಅದು ಸಾಕ್ಷ್ಯವೇ. ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ಜನರ ಜಗಲಿಯ ಮೇಲೆ ಕೂತು ಇದನ್ನು ಬಿಡಿಸಿ ಹೇಳಿ. ಗೆದ್ದರೆ ಪಟ್ಟಾ ಕೊಡಿಸುತ್ತೇನೆ ಎಂದು ಮಾತ್ರ ಹೇಳಬೇಡಿ. ಕಾಯ್ದೆ ಸಂಸತ್ತಿನದು, ಶಾಸಕರ ಸಹಿಗೆ ಹಕ್ಕುಪತ್ರ ಬರುವುದಿಲ್ಲ.

ವಯಸ್ಸು 25 ತುಂಬಿರಬೇಕು, ರಾಜ್ಯದ ಯಾವುದಾದರೂ ಕ್ಷೇತ್ರದಲ್ಲಿ ಮತವಿರಬೇಕು. ಸರ್ಕಾರಿ ವಕೀಲರಾಗಿದ್ದರೆ ಮೊದಲೇ ರಾಜೀನಾಮೆ ಕೊಟ್ಟು ಅಂಗೀಕಾರದ ಪತ್ರ ಇಟ್ಟುಕೊಳ್ಳಿ. ಲಾಭದಾಯಕ ಹುದ್ದೆಯ, ಅಂದರೆ ಸರ್ಕಾರದಿಂದ ಲಾಭ ಪಡೆಯುವ ಹುದ್ದೆಯಲ್ಲಿದ್ದಾರೆಂಬ ತಕರಾರು ನಾಮಪತ್ರ ಪರಿಶೀಲನೆಯ ದಿನವೇ ಏಳುತ್ತದೆ.

ಪಕ್ಷೇತರರಿಗೆ ಹತ್ತು ಸೂಚಕರು, ಅಂದರೆ ನಾಮಪತ್ರದಲ್ಲಿ ಹೆಸರು ಸೂಚಿಸಿ ಸಹಿ ಹಾಕುವವರು ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರು. ನಾವು ಎಡವಿದ್ದು ಇಲ್ಲೇ. ಬನವಾಸಿ ಕಡೆಯ ಹಳೆಯ ಕಕ್ಷಿದಾರರೊಬ್ಬರು ಬೆಳಗಿನ ಮೊದಲ ಬಸ್ಸಿಗೆ ಬಂದು, ಪ್ಲಾಸ್ಟಿಕ್ ಚೀಲದಿಂದ ಮತದಾರರ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಮತದಾರರ ಪಟ್ಟಿ ಬಿಡಿಸಿದೆ. ಬನವಾಸಿ ಹೋಬಳಿ ಶಿರಸಿ ತಾಲೂಕಿನದೇ, ಆದರೆ ಮತ ಯಲ್ಲಾಪುರ ಕ್ಷೇತ್ರಕ್ಕೆ. ಅವರ ಮುಖ ನೋಡಲಾಗಲಿಲ್ಲ. ಹತ್ತನೆಯ ಸಹಿಗೆ ಹುಲೇಕಲ್ಲಿಗೆ ಓಡಿದೆವು, ವಾಪಸಾಗುವವರೆಗೂ ಅವರು ಜಗಲಿ ಬಿಟ್ಟು ಕದಲಿರಲಿಲ್ಲ. ಪ್ರತಿ ಸೂಚಕರ ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳನ್ನು ವಾರ ಮೊದಲೇ ನೋಡಿಡಿ.

ಆಸ್ತಿ, ಸಾಲ, ಮೊಕದ್ದಮೆಗಳ ವಿವರ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಒಂದು ಕಾಲಂ ಕೂಡ ಖಾಲಿ ಬೇಡ. ಆಸ್ತಿಯಿಲ್ಲವೇ, 'ಇಲ್ಲ' ಎಂದೇ ಬರೆಯಿರಿ. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಚುನಾವಣೆ ಖರ್ಚಿಗೇ ಬೇರೆ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ತೆರೆಯಿರಿ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು, ಸೋತರೂ.

ಶಾಸಕರಾದ ಮೇಲೂ ವಕೀಲಿ ನಡೆಸಲು ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದರೂ ಪ್ರಚಾರದ ದಿನಗಳಲ್ಲಿ ಕಕ್ಷಿದಾರರನ್ನು ಕೈಬಿಡುವುದು ಅನ್ಯಾಯ. ನಾವು ನಾಮಪತ್ರಕ್ಕೆ ಹಿಂದಿನ ವಾರವೇ ಎಲ್ಲರನ್ನೂ ಕರೆಸಿ, ಬೇರೆ ವಕೀಲರ ಹೆಸರಿನ ಹೊಸ ವಕಾಲತ್ತಿಗೆ ಸಹಿ ಹಾಕಿಸಿ, ಮುಂದಿನ ತಾರೀಖು ಬರೆದ ಚೀಟಿ ಕೈಗೆ ಕೊಟ್ಟು ಕಳಿಸಿದೆವು.